ದಾದರ್‌ನ ‘ಫುಲ್ ಹ್ಯಾಂಡ್‌ವರ್ಕ್’ ಕಸೂತಿ ಸೀರೆ: ಹಿಂಬದಿ ನೋಡದೆ ದುಡ್ಡು ಕೊಡಬೇಡಿ

ಡಿಸೆಂಬರ್ ಬಂತೆಂದರೆ ಮುಂಬಯಿಯ ದಾದರ್ ಪಶ್ಚಿಮದ ರಾನಡೆ ರೋಡ್ ಸುತ್ತಮುತ್ತ ಸೀರೆ ಅಂಗಡಿಗಳ ಮುಂದೆ ಕಪ್ಪು ಸೀರೆ ಸಾಲುಗಟ್ಟುತ್ತವೆ. ಬೇರೆ ಯಾವ ಹಬ್ಬಕ್ಕೂ ಕಪ್ಪು ಮುಟ್ಟದ ಮರಾಠಿ ಮನೆಗಳಲ್ಲಿ ಸಂಕ್ರಾಂತಿಗೆ ಮಾತ್ರ ಕಪ್ಪೇ ಆಗಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡದವರಿಗೂ ಚಂದ್ರಕಾಳಿ ಎಂಬ ಕಪ್ಪು ಸೀರೆ ಹೊಸದೇನಲ್ಲ. ಹೀಗಾಗಿ ‘ಇರಕಲ್ ಕಸೂತಿ, ಫುಲ್ ಹ್ಯಾಂಡ್‌ವರ್ಕ್’ ಎಂಬ ಚೀಟಿ ಹಚ್ಚಿದ ಕಪ್ಪು ಸೀರೆ ಈ ಹಂಗಾಮಿನಲ್ಲಿ ಬೇಗ ಖರ್ಚಾಗುತ್ತದೆ. ಇರಕಲ್ ಎಂದರೆ ನಮ್ಮ ಇಳಕಲ್ ಸೀರೆ; ಕಸೂತಿ ಎಂದರೆ ಇಲ್ಲಿ ಎಳೆ ಎಣಿಸಿ ಕೈಯಲ್ಲಿ ಹಾಕುವ ಉತ್ತರ ಕರ್ನಾಟಕದ ಹೊಲಿಗೆ. ಇಲ್ಲಿ ಪರೀಕ್ಷೆಗೆ ತೆಗೆದುಕೊಂಡದ್ದು ಮೂರು ಬಗೆಯ ಮಾಲು: ಅಂಗಡಿಯಲ್ಲಿ ಎರಡು ಸಾವಿರದ ಆಸುಪಾಸು ಸಿಗುವುದು, ಅದೇ ಅಂಗಡಿಯಲ್ಲಿ ಏಳು ಸಾವಿರ ದಾಟುವುದು, ಮತ್ತು ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಹೇಳಿ ಹಾಕಿಸಿಕೊಳ್ಳುವುದು. ಅಂಗಡಿಯ ಹೆಸರು ಬರೆದಿಲ್ಲ. ಇದೇ ಮಾಲು, ಇದೇ ಚೀಟಿ ಆ ಬೀದಿಯ ನಾಲ್ಕಾರು ಅಂಗಡಿಗಳಲ್ಲಿದೆ; ಪುಣೆಯ ಲಕ್ಷ್ಮೀ ರೋಡಿನಲ್ಲೂ ಇದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಸಾವಿರದ ಸೀರೆ ಮಷಿನ್ ಕೆಲಸ. ಮಷಿನ್ ಎಂದು ಹೇಳಿ ಮಾರಿದರೆ ತಕರಾರಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಏಳು ಸಾವಿರದ್ದೇ ತಂಟೆ. ಸೆರಗಿನ ಹತ್ತಿರ ಕೈಕೆಲಸ, ಒಡಲಿನ ಬುಟ್ಟಾಗಳು (ಬಿಡಿಬಿಡಿ ಚಿತ್ತಾರ) ಮಷಿನ್, ಎರಡಕ್ಕೂ ಸೇರಿ ಕೈಕೆಲಸದ ದರ. ಹೇಳಿ ಹಾಕಿಸುವುದು ತಡ, ತುಟ್ಟಿ, ಫೋನ್ ಮೇಲೆ ಫೋನ್ ಮಾಡಬೇಕು. ಆದರೂ ಕಸೂತಿ ಎಂದು ಕರೆಯಬಹುದಾದದ್ದು ಈ ಮೂರರಲ್ಲಿ ಅದೊಂದೇ.

ಕಾರಣ ತಿಳಿಯಬೇಕಾದರೆ ಹೊಲಿಗೆ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕೇ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂಥಿ. ಬಟ್ಟೆಯ ಮೇಲೆ ಪೆನ್ಸಿಲ್ ಗೀಟಿಲ್ಲ, ಅಚ್ಚಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡು ಸೂಜಿ ಹೋಗಬೇಕು. ಬಟ್ಟೆಯ ಒತ್ತು ನೋಡಿ ಒಂದು ಹೊಲಿಗೆಗೆ ಮೂರೋ ನಾಲ್ಕೋ ಎಳೆ. ದಾರಕ್ಕೆ ಗಂಟು ಹಾಕುವಂತಿಲ್ಲ. ತುದಿಯನ್ನು ಒಂದೆರಡು ಹೊಲಿಗೆಯ ಅಡಿಯಲ್ಲೇ ಹಾಯಿಸಿ ಅಡಗಿಸಬೇಕು.

ಗವಂತಿಯಲ್ಲಿ ಸೂಜಿ ಒಂದೇ ಗೆರೆಯ ಮೇಲೆ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಮೇಲೆ ಬಿಟ್ಟ ಜಾಗ ತುಂಬುತ್ತದೆ, ಕೆಳಗೆ ಬಿಟ್ಟದ್ದೂ ತುಂಬುತ್ತದೆ. ಹೀಗಾಗಿ ಎರಡೂ ಮುಖ ಒಂದೇ ತರಹ. ನೆಟ್ಟಗಿನ ಗೆರೆಗೆ ಇದು ಮಕ್ಕಳಾಟ. ಗೋಪುರವನ್ನೋ ತೇರನ್ನೋ ಹಾಕಲು ಹೊರಟಾಗ ತಲೆ ಓಡಿಸಬೇಕಾಗುತ್ತದೆ. ನಡುಗೆರೆ ಹಿಡಿದು ಮೇಲೇರುವಾಗ ಎಡಬಲಕ್ಕೆ ಕವಲು ಬರುತ್ತದೆ. ಕವಲಿನ ತುದಿ ಮುಟ್ಟಿ, ಬಿಟ್ಟ ಜಾಗ ತುಂಬಿಕೊಂಡು ಬುಡಕ್ಕೆ ಮರಳಿ, ಆಮೇಲೆ ನಡುಗೆರೆ ಮುಂದುವರಿಸಬೇಕು. ಒಂದು ಕವಲು ಮರೆತು ಮುಂದೆ ಹೋದರೆ ಅದಕ್ಕೆ ಬೇರೆ ದಾರ ತಂದು ಹಾಕಬೇಕು, ಇಲ್ಲವೇ ಹಿಂಬದಿಯಲ್ಲಿ ದಾರ ಜಿಗಿದದ್ದು ಕಾಣುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ನಾಲ್ಕು ಹೊಲಿಗೆಯ ಚೌಕವನ್ನು ಸುತ್ತಿ ಬಂದವಳು ಅದೇ ದಿಕ್ಕಿಗೆ ಇನ್ನೊಂದು ಸುತ್ತು ಹೊರಟರೆ ತುಂಬಿದ ಜಾಗದ ಮೇಲೇ ಹೊಲಿಗೆ ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಬಂದ ದಾರಿಗೇ ತಿರುಗಿ ನಡೆಯಬೇಕು. ಅಕ್ಷರ ಓದದ ಹೆಂಗಸರೂ ಗ್ರಾಫ್ ಹಾಳೆಯಿಲ್ಲದೆ ತಲೆಯಲ್ಲೇ ಈ ದಾರಿ ಕೂಡಿಸಿ ನೂರಾರು ನಮೂನೆ ಕಟ್ಟಿದ್ದಾರೆ: ತುಳಸಿಕಟ್ಟೆ, ಅಂಬಾರಿ ಆನೆ, ಪಲ್ಲಕ್ಕಿ, ತೊಟ್ಟಿಲು, ನಂದಿ, ಗಿಳಿ, ನವಿಲು. ಡಿಸೈನರ್ ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥ ಏನಿದೆಯೋ ಗೊತ್ತಿಲ್ಲ.

ಮುರ್ಗಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಸಾಗುವ ಗವಂತಿ. ಅದೂ ಎರಡು ಮುಖಕ್ಕೆ ಒಂದೇ. ನೇಗಿ ನೇಯ್ದಂತೆ ಕಾಣುತ್ತದೆ. ಉದ್ದ-ಗಿಡ್ಡ ಎಳೆಗಳ ಸಾಲು, ಮುಂಬದಿಯಲ್ಲಿ ದಾರ ಇದ್ದಲ್ಲಿ ಹಿಂಬದಿ ಖಾಲಿ, ಖಾಲಿ ಇದ್ದಲ್ಲಿ ದಾರ. ಮೆಂಥಿ ಅಡ್ಡಗೀಟಿನ ಹೊಲಿಗೆ; ಒಡಲು ತುಂಬಲು ಹಾಕುವುದು, ದಾರ ಬಹಳ ತಿನ್ನುತ್ತದೆ, ತೂಕ ಕೂಡುತ್ತದೆ. ನೇಗಿ, ಮೆಂಥಿಯ ಹಿಂಬದಿ ಬೇರೆಯಾಗಿ ಕಂಡರೆ ಅದು ದೋಷವಲ್ಲ. ‘ಎರಡೂ ಕಡೆ ಒಂದೇ ಇರಬೇಕು’ ಎಂದು ಅರ್ಧ ತಿಳಿದುಕೊಂಡು ಮೇಳದ ಮಳಿಗೆಯಲ್ಲಿ ಒಳ್ಳೆಯ ನೇಗಿ ಕೆಲಸವನ್ನು ಖೋಟಾ ಎಂದು ಜಗಳ ತೆಗೆಯುವವರಿದ್ದಾರೆ. ಪಾಪ, ಕೂತು ಹಾಕಿದವಳಿಗೆ ಅನ್ಯಾಯ.

ಈಗ ಅಂಗಡಿಯ ಸೀರೆಗೆ ಬರೋಣ. ‘ಹ್ಯಾಂಡ್‌ವರ್ಕ್ ಆಹೇ, ತಾಈ’ ಎನ್ನುತ್ತ ಮಾರುವವರು ಸೆರಗನ್ನಷ್ಟೇ ಬಿಡಿಸಿ ತೋರಿಸುತ್ತಾರೆ. ಒಡಲನ್ನೂ ಬಿಚ್ಚಲು ಹೇಳಿ. ಮೊದಲು ನೋಡಬೇಕಾದ್ದು ಹಿಂಬದಿ ಅಲ್ಲ, ಬುಟ್ಟಾದ ನಿಲುವು. ಎಳೆ ಎಣಿಸಿ ಹಾಕಿದ ಬುಟ್ಟಾ ನೇಯ್ಗೆಯ ಎಳೆಗೆ ನೆಟ್ಟಗೆ ನಿಲ್ಲಲೇಬೇಕು, ಓರೆಯಾಗಲು ಅದಕ್ಕೆ ದಾರಿಯೇ ಇಲ್ಲ. ಮಷಿನ್‌ನ ಚೌಕಟ್ಟಿಗೆ ಬಟ್ಟೆ ಕೂಡಿಸುವಾಗ ಕೂದಲೆಳೆಯಷ್ಟು ತಿರುಗಿದರೂ ಬುಟ್ಟಾ ಪೂರ್ತಿ ವಾಲುತ್ತದೆ. ದಡಿಯ ಗೆರೆಗೆ ಹೋಲಿಸಿ ನೋಡಿದರೆ ಬರಿಗಣ್ಣಿಗೇ ಸಿಗುತ್ತದೆ. ಎರಡು ಸಾವಿರದ ಸೀರೆಯಲ್ಲಿ ತುಳಸಿಕಟ್ಟೆಗಳೆಲ್ಲ ಒಂದೇ ಕಡೆಗೆ ಸ್ವಲ್ಪ ವಾಲಿವೆ.

ಆಮೇಲೆ ಮೊಬೈಲ್ ಕ್ಯಾಮೆರಾ ತೆಗೆದು ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ. ಕೈಕೆಲಸದಲ್ಲಿ ಸೂಜಿ ಎರಡು ಎಳೆಗಳ ಸಂದಿಯಲ್ಲಿ ಇಳಿದಿರುತ್ತದೆ. ಪ್ರತಿ ಹೊಲಿಗೆಯ ಅಡಿಯಲ್ಲೂ ಅಷ್ಟೇ ಎಳೆ. ಮಷಿನ್ ಸೂಜಿ ಎಳೆಯನ್ನೇ ಚುಚ್ಚಿ ಸೀಳುತ್ತದೆ, ಗೆರೆ ಒಂದೇ ಆದರೂ ದಾರ ಎರಡು ಮೂರು ಪದರ ಬಿದ್ದಿರುತ್ತದೆ, ಪಾಲಿಯೆಸ್ಟರ್ ದಾರದ ಮಿಂಚು ಬೇರೆ. ಹಿಂಬದಿಯಲ್ಲಿ ಬಾಬಿನ್ ದಾರ (ಮಷಿನ್ನಿನ ಅಡಿದಾರ) ಬೇರೆ ಬಣ್ಣದ್ದು, ಬುಟ್ಟಾದಿಂದ ಬುಟ್ಟಾಕ್ಕೆ ಜಿಗಿದ ದಾರ ಕತ್ತರಿಸಿದ ತುಣುಕು, ಕೆಲವೊಮ್ಮೆ ಅಡಿಗೆ ಹಚ್ಚಿದ ಕಾಗದದ ಗಡುಸು. ಅಚ್ಚು ಹಾಕಿದ ಕಸೂತಿ, ಮಗ್ಗದಲ್ಲೇ ನೇಯ್ದ ಕಸೂತಿ ನಮೂನೆಗಳೂ ಅದೇ ಕಪಾಟಿನಲ್ಲಿವೆ. ಅವುಗಳನ್ನು ಗುರುತಿಸಲು ಇಷ್ಟು ಕಷ್ಟಪಡಬೇಕಿಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ.

ಏಳು ಸಾವಿರದ್ದರಲ್ಲಿ ಸೆರಗಿನ ಕೆಲಸ ಕೈಯದೇ, ಆದರೆ ಬಟ್ಟೆಯ ಎಳೆ ಎಣಿಸಿ ಹಾಕಿದ್ದಲ್ಲ. ಕ್ರೇಪ್, ಜಾರ್ಜೆಟ್, ಒತ್ತಾದ ರೇಷ್ಮೆಯ ಮೇಲೆ ಎಳೆ ಕಣ್ಣಿಗೆ ಸಿಗುವುದಿಲ್ಲ. ಆಗ ಬಟ್ಟೆಯ ಮೇಲೆ ಕ್ಯಾನ್ವಾಸ್ ಜಾಳಿಗೆ ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ಅದರ ಚೌಕ ಎಣಿಸಿ ಕಸೂತಿ ಹಾಕಿ, ಕೊನೆಗೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ವಿಧಾನ ತಪ್ಪೇನಲ್ಲ, ಆ ಬಟ್ಟೆಗಳಿಗೆ ಬೇರೆ ಉಪಾಯವೂ ಇಲ್ಲ. ಕೆಡುವುದು ಇಲ್ಲಿ: ಜಾಳಿಗೆಯ ದಪ್ಪ ಹೊರಟುಹೋದ ಮೇಲೆ ಹೊಲಿಗೆ ಅಷ್ಟು ಸಡಿಲವಾಗುತ್ತದೆ. ಅನುಭವಸ್ಥರು ಮೊದಲೇ ಅದನ್ನು ಲೆಕ್ಕ ಹಿಡಿದು ತುಸು ಬಿಗಿ ಹಾಕುತ್ತಾರೆ. ಹೊಸಬರ ಕೆಲಸ ಜೋತುಬೀಳುತ್ತದೆ. ಈ ಸೆರಗಿನ ಆನೆಗಳ ಕಾಲಿನ ಹತ್ತಿರ ಉಗುರು ತಾಗಿಸಿದರೆ ದಾರ ಎತ್ತಿ ಬರುತ್ತದೆ, ಕೆಲವು ಹೊಲಿಗೆಯ ಅಡಿಯಲ್ಲಿ ಜಾಳಿಗೆಯ ಗಡುಸು ಎಳೆಯ ತುಂಡು ಹಾಗೇ ಉಳಿದಿದೆ. ಉಟ್ಟು ಲೋಕಲ್ ಟ್ರೇನು ಹತ್ತಿದರೆ ಯಾರದೋ ಬ್ಯಾಗಿನ ಕೊಂಡಿಗೆ ಸಿಕ್ಕುವುದು ಖಂಡಿತ.

ಇನ್ನು ಸೀರೆಯದೇ ಮಾತು. ಕಸೂತಿ ಕೂತುಕೊಳ್ಳುವುದು ಬಟ್ಟೆಯ ಮೇಲೆ, ಬಟ್ಟೆ ಸುಳ್ಳಾದರೆ ಮೇಲಿನ ಕೆಲಸಕ್ಕೂ ಬೆಲೆ ಇಲ್ಲ. ನಿಜವಾದ ಇಳಕಲ್‌ನಲ್ಲಿ ಸೆರಗಿನ ಹಾಸು (ಉದ್ದಕ್ಕೆ ಹಾಯುವ ಎಳೆ) ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪು ತೆನಿ ಎಂದು ಕರೆಯುವ ಇಳಕಲ್ ಸೆರಗಿನ ಗುಟ್ಟು ಇದೇ. ಹೀಗಾಗಿಯೇ ಒಂದು ಸೀರೆಗೆ ಒಂದು ಹಾಸು ಕಟ್ಟಬೇಕಾಗುತ್ತದೆ, ಉದ್ದಕ್ಕೆ ನೇಯ್ದುಕೊಂಡು ಹೋಗಲು ಬರುವುದಿಲ್ಲ. ನೋಡುವ ಬಗೆ ಸುಲಭ. ಸೆರಗಿನ ಕೆಂಪನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ಹಾಸು, ಹೊಕ್ಕು (ಅಡ್ಡ ಎಳೆ) ಎರಡೂ ಕೆಂಪಾಗಿದ್ದರೆ ಬಣ್ಣ ಗಟ್ಟಿ ಕೆಂಪು. ಪವರ್‌ಲೂಮ್ ನಕಲಿನಲ್ಲಿ ಒಡಲಿನ ಹಾಸೇ ಸೆರಗಿನವರೆಗೆ ಬಂದಿರುತ್ತದೆ, ಹೊಕ್ಕಿನ ಬಣ್ಣ ಮಾತ್ರ ಬದಲು; ಕಪ್ಪು ಸೀರೆಯಾದರೆ ಸೆರಗಿನ ಕೆಂಪಿನೊಳಗೆ ಕಪ್ಪು ಇಣುಕುತ್ತದೆ. ಸೆರಗು ಒಡಲು ಸೇರುವ ಕಡೆ ಅಡ್ಡಕ್ಕೆ ಸಣ್ಣ ಕೊಂಡಿಗಳ ಗೆರೆ ಇದೆಯೇ ಎಂದೂ ನೋಡಿ. ಎರಡು ಸಾವಿರದ್ದರಲ್ಲಿ ಇದು ಇಲ್ಲ. ಏಳು ಸಾವಿರದ್ದರಲ್ಲಿ ಇದೆ. ಆ ಮಟ್ಟಿಗೆ ಅಂಗಡಿಯವರ ಮಾತು ನಿಜ, ಮತ್ತು ಕಸೂತಿ ಇಲ್ಲದೆ ಬರೀ ಆ ಸೀರೆಯನ್ನೇ ಕೊಟ್ಟಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಿತ್ತು.

ಸೀರೆಗೆ ಅಂಟಿಸಿದ ಗುರುತುಗಳನ್ನು ನೋಡಿ ಮರುಳಾಗಬೇಡಿ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಶುದ್ಧವೋ ಅಲ್ಲವೋ ಎಂಬುದನ್ನು. ಹ್ಯಾಂಡ್‌ಲೂಮ್ ಮಾರ್ಕ್ ಹೇಳುವುದು ಕೈಮಗ್ಗದಲ್ಲಿ ನೇಯ್ದದ್ದು ಎಂದು. ಮೇಲಿನ ಹೊಲಿಗೆ ಕೈಯದೋ ಮಷಿನ್‌ನದೋ ಎಂಬುದಕ್ಕೆ ಎರಡೂ ಸಾಕ್ಷಿ ಅಲ್ಲ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಗುರುತಿನ ರಕ್ಷಣೆ ಬೇರೆ ಬೇರೆಯಾಗಿ ಸಿಕ್ಕಿದೆ. ಚೀಟಿಯ ಮೇಲೆ ಯಾವುದರ ಗುರುತು ಇದೆ ಎಂದು ಓದಬೇಕು. ಇಳಕಲ್ ಗುರುತು ತೋರಿಸಿ ಕಸೂತಿಯೂ ಅಸಲಿ ಎನ್ನುವುದು ಮಾಮೂಲಿ ಆಟ.

ಚೀಟಿಯಲ್ಲಿ ಇನ್ನೊಂದು ಕೊರತೆ ಇದೆ, ಅದು ಈ ಒಂದು ಅಂಗಡಿಯದಲ್ಲ. ದರ, ಬಣ್ಣದ ನಂಬರ್, ಉದ್ದ ಎಲ್ಲ ಇರುತ್ತದೆ, ಹಾಕಿದವಳ ಹೆಸರು ಮಾತ್ರ ಇಲ್ಲ. ಗವಂತಿಯಂಥದೇ ಹೊಲಿಗೆ 16ನೇ ಶತಮಾನದ ಇಂಗ್ಲೆಂಡಿನಲ್ಲಿ ಅಂಗಿಯ ಕಾಲರು, ತೋಳಿನ ಅಂಚಿಗೆ ಕಪ್ಪು ರೇಷ್ಮೆಯಲ್ಲಿ ಹಾಕುತ್ತಿದ್ದರು. ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅದು ಕಂಡದ್ದರಿಂದ ಹೋಲ್ಬೈನ್ ಹೊಲಿಗೆ ಎಂದೇ ಹೆಸರಾಯಿತು. ಚಿತ್ರ ಬರೆದವನ ಹೆಸರು ಹೊಲಿಗೆಗೆ ಬಂತು, ಸೂಜಿ ಹಿಡಿದವರದ್ದು ಬರಲಿಲ್ಲ. ಕೊಲ್ಹಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಭಾನು ಅಥೈಯಾ ಅವರಿಗೆ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಬಂತು. ಸಿನಿಮಾದಲ್ಲಿ ಕೆಲಸ ಮಾಡಿದವರ ಹೆಸರು ಪರದೆಗೆ ಬರುವ ಪದ್ಧತಿ ಇರುವುದರಿಂದ ಆ ಹೆಸರು ಉಳಿಯಿತು. ಸೀರೆಗೆ ಅಂಥ ಪರದೆ ಇಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದಾಗಿನಿಂದ ಕೈಕೆಲಸಕ್ಕೆ ಸರಕಾರಿ ಮಳಿಗೆ, ಮೇಳ, ಪ್ರಶಸ್ತಿ ಎಲ್ಲ ಬಂದವು. ಸಾಮಾನ್ಯ ಅಂಗಡಿಯ ಚೀಟಿಗೆ ಎರಡಂಗುಲದ ಹೆಸರು ಇನ್ನೂ ಬಂದಿಲ್ಲ. ಹೆಸರು ಕೇಳುವುದರಲ್ಲಿ ಲಾಭವೂ ಇದೆ. ಯಾರು ಹಾಕಿದ್ದು ಎಂದು ಕೇಳಿದಾಗ ಅಂಗಡಿಯವರು ಊರನ್ನಾದರೂ ಹೇಳಬಲ್ಲರೆ ಮಾಲು ಬಂದ ದಾರಿ ಅವರಿಗೆ ಗೊತ್ತು ಎಂದರ್ಥ. ‘ಕರ್ನಾಟಕ ಸೈಡ್’ ಎಂದಷ್ಟೇ ಬಂದರೆ ಸೀರೆ ಮಡಚಿ ವಾಪಸು ಕೊಡಿ.

ಹೇಳಿ ಹಾಕಿಸುವವರಿಗೆ ಕೆಲವು ಮಾತು. ಧಾರವಾಡ, ಹುಬ್ಬಳ್ಳಿಯ ಮಹಿಳಾ ಗುಂಪುಗಳು ಮುಂಬಯಿ, ಪುಣೆಯ ಮೇಳಗಳಿಗೆ ಬಂದಾಗ ಎದುರಿಗೇ ಮಾತಾಡಿ ಆರ್ಡರ್ ಕೊಡುವುದು ಒಳ್ಳೆಯದು. ಫೋಟೊ ನೋಡಿ ವಾಟ್ಸಾಪಿನಲ್ಲಿ ಕೊಟ್ಟರೆ ದಾರದ ಬಣ್ಣ ಒಂದು ಹೋಗಿ ಇನ್ನೊಂದಾಗುತ್ತದೆ. ಸೀರೆ ನೀವೇ ಕೊಡುವುದಾದರೆ ಒಮ್ಮೆ ನೀರಿಗೆ ಹಾಕಿ ಗಂಜಿ ತೆಗೆದು ಕೊಡಿ. ಗಂಜಿ ಇದ್ದಾಗ ಎಳೆ ಒಂದಕ್ಕೊಂದು ಅಂಟಿ ಎಣಿಕೆ ತಪ್ಪುತ್ತದೆ. ಮೇಲಾಗಿ ಹತ್ತಿ ಒಡಲು ಆಮೇಲೆ ಕುಗ್ಗಿದರೆ ಹೊಲಿಗೆಯ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ.

ಸಂಕ್ರಾಂತಿಗೆ ಕಪ್ಪು ಬೇಕಾದರೆ ಗಣೇಶ ಚೌತಿಯ ಹೊತ್ತಿಗೆ ಹೇಳಿಬಿಡಿ. ಕಪ್ಪಿನ ಮೇಲೆ ಕೆಲಸ ನಿಧಾನ. ‘ಕಪ್ಪಿನ ಮ್ಯಾಲ ರಾತ್ರಿ ಎಳಿ ಕಾಣಂಗಿಲ್ರಿ ಅಕ್ಕಾರ, ಹಗಲಿನ್ಯಾಗಷ್ಟ ಆಗೂದು’ ಎಂದು ಕಸೂತಿ ಹಾಕುವವರು ಹೇಳುವುದು ನೆಪ ಅಲ್ಲ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಎಳೆಯ ಸಂದಿಯಲ್ಲಿ ಬಿಳುಪು ಇಣುಕುವುದನ್ನು ನೋಡಿ ಎಣಿಸಬೇಕಾಗುತ್ತದೆ. ಇದೇ ಕಾರಣಕ್ಕೆ ಕಪ್ಪಿಗೆ ಕೂಲಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ಡಿಸೆಂಬರಿನಲ್ಲಿ ‘ಹದಿನೈದು ದಿನಕ್ಕೆ ಕೊಡ್ತೇವೆ’ ಎಂದವರ ಕೆಲಸ ನಾಲ್ಕು ಕೈಗೆ ಹಂಚಿಹೋಗಿರುತ್ತದೆ. ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ, ಸೆರಗಿಗೂ ಒಡಲಿಗೂ ತಾಳವಿಲ್ಲ.

ಆರ್ಡರಿನಲ್ಲಿ ಬರೆಸಬೇಕಾದ್ದು: ಯಾವ ನಮೂನೆಗೆ ಯಾವ ಹೊಲಿಗೆ, ಎಷ್ಟು ಎಳೆ ದಾರ, ಬುಟ್ಟಾ ಎಲ್ಲಿಂದ ಎಲ್ಲಿಯವರೆಗೆ. ಆಂಕರ್ ಕಂಪನಿಯ ದಾರದ ಒಂದು ಲಡಿ ಎಂಟು ಮೀಟರ್, ಅದರಲ್ಲಿ ಆರು ಎಳೆ ಇರುತ್ತವೆ. ಇಳಕಲ್‌ನ ನಯ ಬಟ್ಟೆಗೆ ಒಂದೇ ಎಳೆ ಅಥವಾ ಎರಡು ಸಾಕು. ಬೇಗ ತುಂಬಲಿ ಎಂದು ಮೂರು ಎಳೆ ಹಾಕಿದರೆ ಗೆರೆ ದಪ್ಪವಾಗಿ ಗೋಪುರದ ಮೆಟ್ಟಿಲು ಒಂದರಲ್ಲೊಂದು ಕಲೆಸುತ್ತವೆ. ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಿದರೆ ಬಟ್ಟೆಯಲ್ಲಿ ಹಾದು ಹಾದು ಜುಂಗೆದ್ದು ಮಂಕಾಗುತ್ತದೆ, ಒಂದೇ ಬುಟ್ಟಾದ ಅರ್ಧ ಹೊಳಪು, ಅರ್ಧ ಸಪ್ಪೆ. ದೊಡ್ಡ ನಮೂನೆಗಳು ಸೆರಗಿನ ಹತ್ತಿರ, ಅಲ್ಲಿಂದ ದೂರ ಹೋದಂತೆ ಚಿಕ್ಕವು, ಇದು ಹಳೆಯ ಕ್ರಮ. ಒಂಬತ್ತು ಗಜದ್ದು ಉಡುವವರು ಇದನ್ನು ಮೊದಲೇ ಹೇಳಬೇಕು, ಕಚ್ಚೆಯೊಳಗೆ ಹೋಗುವ ಭಾಗಕ್ಕೆ ಬುಟ್ಟಾ ಹಾಕಿಸಿ ದುಡ್ಡು ಕಳೆಯುವುದರಲ್ಲಿ ಅರ್ಥವಿಲ್ಲ. ಸೆರಗನ್ನು ತಲೆಯ ಮೇಲಿಂದ ಹೊದೆಯುವ, ಮುಂದಕ್ಕೆ ತಂದು ಸಿಕ್ಕಿಸುವ ಉಡುಗೆಯವರಿಗೆ ಗವಂತಿ, ಮುರ್ಗಿಯನ್ನೇ ಹೇಳಿ, ಎರಡೂ ಮುಖ ಕಾಣುತ್ತದೆ. ಹೆಗಲಿಗೆ ಪಿನ್ ಹಾಕಿ ಬಿಡುವವರಿಗೆ ನೇಗಿ ನಡೆಯುತ್ತದೆ. ದಿನಾ ಲೋಕಲ್‌ನಲ್ಲಿ ಓಡಾಡುವವರು ನೇಗಿಯ ಉದ್ದ ಎಳೆಗಳಿಂದ ದೂರ ಇದ್ದರೆ ಕ್ಷೇಮ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಮೇಲೆ ಕಸೂತಿ ಬೇಕು ಎನ್ನುವ ಹೊಸ ಬೇಡಿಕೆಯೂ ಇದೆ. ಖಣಕ್ಕೆ ತನ್ನದೇ ಬುಟ್ಟಾ ತುಂಬ ಇರುತ್ತದೆ, ಮೇಲೆ ಮತ್ತೊಂದು ಹೇರಿದರೆ ಎರಡೂ ಕಾಣುವುದಿಲ್ಲ.

ಸೀರೆ ಕೈಗೆ ಬಂದ ದಿನ ಮಾಡಬೇಕಾದ ಪರೀಕ್ಷೆ ಬಣ್ಣದ್ದು. ಬಿಳಿ ಅರಿವೆ ಒದ್ದೆ ಮಾಡಿ ಕೆಂಪು, ನೇರಳೆ ದಾರದ ಮೇಲೆ ಒತ್ತಿ ಹಿಡಿಯಿರಿ. ಅರಿವೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಮನೆಯಲ್ಲಿ ನೀರಿಗೆ ಹಾಕಬೇಡಿ, ಡ್ರೈಕ್ಲೀನಿಂಗಿಗೇ ಕೊಡಿ. ಹತ್ತದಿದ್ದರೆ ತಣ್ಣೀರು, ಮೆತ್ತನೆಯ ಸೋಪು; ನೆನೆಸಿಡುವುದು, ಹಿಂಡುವುದು ಬೇಡ, ನೆರಳಲ್ಲಿ ಹರವಿ. ಇಸ್ತ್ರಿಗೆ ದಪ್ಪ ಟವಲ್ ಹಾಸಿ, ಕಸೂತಿಯ ಮುಖ ಕೆಳಗಾಗಿಸಿ ಒತ್ತಿದರೆ ಹೊಲಿಗೆ ಚಪ್ಪಟೆಯಾಗುವುದಿಲ್ಲ. ರೋಲ್ ಪ್ರೆಸ್‌ಗೆ ಕೊಡಲೇಬೇಡಿ, ಬಟ್ಟೆ ಎಳೆದು ಬಿಗಿ ಮಾಡುವಾಗ ಗವಂತಿಯ ಸಾಲು ಸೊಟ್ಟಗಾಗುತ್ತದೆ. ಫಾಲ್ ಬೀಡಿಂಗ್ ಅಂಗಡಿಯವರಿಗೆ ಫಾಲನ್ನು ಕೈಯಲ್ಲೇ ಹೊಲಿಯಲು ಹೇಳಿ, ದಡಿಯ ಪಕ್ಕದ ಬುಟ್ಟಾಗಳನ್ನು ಬೆರಳಿಟ್ಟು ತೋರಿಸಿಕೊಡಿ. ಮಷಿನ್ ಹೊಲಿಗೆ ಕಸೂತಿಯ ದಾರವನ್ನು ಕಚ್ಚಿದರೆ ಮುಂದೆ ಫಾಲ್ ಬದಲಿಸುವಾಗ ಎರಡೂ ಕಿತ್ತುಬರುತ್ತವೆ. ಮುಂಬಯಿಯ ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್ ಚೀಲ ಶತ್ರು. ಹಳೆಯ ಬಿಳಿ ಹತ್ತಿ ಅರಿವೆಯಲ್ಲಿ ಸುತ್ತಿಟ್ಟು, ಮಳೆ ಮುಗಿದ ಮೇಲೆ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡಿ. ಮಡಿಕೆಯ ಗೆರೆ ಯಾವಾಗಲೂ ಒಂದೇ ಬುಟ್ಟಾದ ಮೇಲೆ ಬಿದ್ದರೆ ಅಲ್ಲೇ ದಾರ ಸವೆಯುವುದು.

ದಾರ ಕಿತ್ತರೆ ರಫೂ ಮಾಡುವವರ ಹತ್ತಿರ ಹೋಗಬೇಡಿ. ಅವರು ನೇಯ್ಗೆಯ ತೂತು ಮುಚ್ಚುವುದರಲ್ಲಿ ನಿಪುಣರು, ಎಣಿಕೆ ಅವರ ವಿದ್ಯೆ ಅಲ್ಲ. ಗಂಟು ಹಾಕಿ ಕೊಡುತ್ತಾರೆ. ಹಾಕಿದವರಿಗೇ ಕಳಿಸುವುದು ಸರಿ. ಅದಕ್ಕಾಗಿ ಸೀರೆ ತೆಗೆದುಕೊಳ್ಳುವಾಗಲೇ ಉಳಿದ ದಾರದ ಲಡಿಗಳನ್ನು ಬಣ್ಣದ ನಂಬರಿನ ಪಟ್ಟಿ ಸಮೇತ ಕೇಳಿ ಇಸಿದುಕೊಳ್ಳಿ.